ಕಾಣದ ಮೊಡವೆಗೆ ಮದ್ದು



ಈ ದತ್ತಿ ಉಪನ್ಯಾಸದಲ್ಲಿ ಮೊಡವೆಯ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರಲ್ಲೊಬ್ಬರು, ಇನ್ನೂ ಸ್ವಲ್ಪ ಗಂಭೀರವಾದ ವಿಷಯ ಆಗಬಹುದಿತ್ತಲ್ಲವೆ ಎಂದು ಮೆಲ್ಲಗೆ ಕೇಳಿದರು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಮೊಡವೆಯಿಂದ ಯಾರೂ ಸಾಯುವುದಿಲ್ಲ. ಆದರೆ ಚರ್ಮವೈದ್ಯೆಯಾಗಿ ನನ್ನ ಹೊರರೋಗಿ ವಿಭಾಗದ ಬೆಂಚಿನ ಮೇಲೆ ದಿನವೂ ಕೂತಿರುವವರಲ್ಲಿ ಈ ಸಭಾಂಗಣದ ಹಿಂದಿನ ಸಾಲುಗಳಲ್ಲಿರುವ ವಿದ್ಯಾರ್ಥಿಗಳ ವಯಸ್ಸಿನವರೇ ಹೆಚ್ಚು. 12ರಿಂದ 24ರ ಹರೆಯದಲ್ಲಿ ಸುಮಾರು ಶೇಕಡಾ 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆ ಎಂಬುದು ವೈದ್ಯಲೋಕದಲ್ಲಿ ರೂಢಿಯಾಗಿರುವ ಅಂದಾಜು. ಇಷ್ಟೊಂದು ಜನಕ್ಕೆ ಬರುವ ತೊಂದರೆಗೆ ಮನೆಯಲ್ಲಿ ಸಿಗುವ ಉತ್ತರ ಒಂದೇ: ವಯಸ್ಸಿಗೆ ಬಂದಿದೆ, ಮದುವೆಯಾದರೆ ಹೋಗುತ್ತೆ ಬಿಡು. ಹೋಗುವವರೆಗೆ ಏನು ಮಾಡಬೇಕೆಂದು ಹೇಳುವವರಿಲ್ಲದೆ ಮಕ್ಕಳು ಮೆಡಿಕಲ್ ಶಾಪಿನ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾರೆ. ಗಂಭೀರ ವಿಷಯ ಶುರುವಾಗುವುದು ಅಲ್ಲಿ.

ಇವತ್ತು ಮೊದಲು, ಮೊಡವೆ ಚರ್ಮದೊಳಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ. ಆಮೇಲೆ ಊಟ, ತಲೆಗೆಣ್ಣೆ, ಸೋಪುಗಳ ಬಗ್ಗೆ ಇರುವ ನಂಬಿಕೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ನೋಡೋಣ. ಮೂರನೆಯದಾಗಿ ಮದ್ದು. ಕೊನೆಗೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸ್ಟಿರಾಯ್ಡ್ ಕ್ರೀಮುಗಳ ವಿಚಾರ.

ನಮ್ಮ ಮುಖ, ಎದೆ, ಬೆನ್ನುಗಳ ಮೇಲಿನ ಪ್ರತಿ ಸಣ್ಣ ಕೂದಲಿನ ಬುಡಕ್ಕೂ ಒಂದು ಎಣ್ಣೆ ಗ್ರಂಥಿ ಅಂಟಿಕೊಂಡಿರುತ್ತದೆ. ಪ್ರಾಯ ಬಂದಾಗ ಆಂಡ್ರೋಜೆನ್ ಎಂಬ ಹಾರ್ಮೋನುಗಳು ಏರುತ್ತವೆ. ಇವು ಗಂಡಸರಲ್ಲಷ್ಟೇ ಅಲ್ಲ, ಹೆಂಗಸರಲ್ಲೂ ಇವೆ. ಗ್ರಂಥಿ ದೊಡ್ಡದಾಗಿ ಜಿಡ್ಡು ಹೆಚ್ಚು ಸುರಿಯುತ್ತದೆ. ಅದೇ ಹೊತ್ತಿಗೆ ರೋಮಕೂಪದ ಒಳಗೋಡೆಯ ಸತ್ತ ಕೋಶಗಳು ಉದುರಿ ಹೊರಬರುವ ಬದಲು ಒಂದಕ್ಕೊಂದು ಅಂಟಿ ಬಾಯಿ ಕಟ್ಟುತ್ತವೆ. ಹಿಂದೆ ನಿಂತ ಜಿಡ್ಡಿನಲ್ಲಿ, ನಮ್ಮೆಲ್ಲರ ಚರ್ಮದಲ್ಲೂ ಸದಾ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದೇಹ ಅದರ ಮೇಲೆ ತಿರುಗಿಬೀಳುತ್ತದೆ. ಕೆಂಪು, ನೋವು, ಕೀವು ಇವೆಲ್ಲ ಆ ಜಗಳದ ಗುರುತುಗಳು.

ಇದರಲ್ಲಿ ನೀವು ಹಿಡಿದಿಟ್ಟುಕೊಳ್ಳಬೇಕಾದ್ದು ಕಾಲದ ಲೆಕ್ಕ. ರೋಮಕೂಪದ ಬಾಯಿ ಕಟ್ಟಿದ ದಿನ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಆ ಕಣ್ಣಿಗೆ ಬೀಳದ ಬಿರಡೆ ಬೆಳೆದು ಮೇಲಕ್ಕೆ ಗೊತ್ತಾಗಲು ವಾರಗಟ್ಟಲೆ ಬೇಕು, ಕೆಲವೊಮ್ಮೆ ಎರಡು ತಿಂಗಳು. ಇವತ್ತು ಬೆಳಿಗ್ಗೆ ಗಲ್ಲದ ಮೇಲೆ ಎದ್ದದ್ದು ಇವತ್ತಿನ ಮೊಡವೆಯಲ್ಲ. ನಿನ್ನೆ ತಿಂದ ಬೋಂಡಾದ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ದಿನಾಂಕ ಹೊಂದುವುದಿಲ್ಲ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಎದ್ದ ಮೊಡವೆಯ ತಲೆಗೆ ಮುಲಾಮು ಮುಟ್ಟಿಸುವುದು ಅರ್ಧ ಚಿಕಿತ್ಸೆ. ನಿಜವಾಗಿ ಮದ್ದು ಬೇಕಾದದ್ದು ಅದರ ಅಕ್ಕಪಕ್ಕದಲ್ಲಿ ಇನ್ನೂ ಕಾಣಿಸಿಕೊಳ್ಳದೆ ಕಾದು ಕೂತಿರುವವಕ್ಕೆ. ನನ್ನ ಇವತ್ತಿನ ಉಪನ್ಯಾಸವೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ಇನ್ನು ಎರಡನೆಯ ವಿಷಯ, ನಂಬಿಕೆಗಳು. ಕಪ್ಪು ತಲೆಯ ಮೊಡವೆ, ಅಂದರೆ ಬ್ಲ್ಯಾಕ್‌ಹೆಡ್, ಕೊಳೆಯಿಂದ ಆದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಕೊಳೆಯಲ್ಲ. ಬಾಯಿ ತೆರೆದಿರುವುದರಿಂದ ಒಳಗಿನ ಜಿಡ್ಡು ಗಾಳಿಗೆ ಸಿಕ್ಕಿದೆ, ಜೊತೆಗೆ ಚರ್ಮದ ಬಣ್ಣದ ವಸ್ತುವಾದ ಮೆಲನಿನ್ ಸೇರಿದೆ, ಅಷ್ಟೆ. ತಿಕ್ಕಿದರೆ ಹೋಗುವುದಿಲ್ಲ. ದಿನಕ್ಕೆ ಎರಡು ಸಲ ಸೌಮ್ಯವಾದ ಸೋಪಿನಿಂದ ಮುಖ ತೊಳೆದರೆ ಸಾಕು. ಆರು ಸಲ ತೊಳೆಯುವವರ ಚರ್ಮ ಒಣಗಿ ಉರಿಯುತ್ತದೆ, ಮುಂದೆ ಹಚ್ಚಬೇಕಾದ ಮದ್ದನ್ನು ತಾಳಿಕೊಳ್ಳಲಾರದ ಸ್ಥಿತಿಗೆ ಬರುತ್ತದೆ.

ಈಗ ಊಟದ ವಿಷಯ. ಇಲ್ಲೊಂದು ಹಳೆಯ ಪ್ರಯೋಗದ ಕಥೆ ಹೇಳಲೇಬೇಕು. 1969ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಫುಲ್ಟನ್, ಗೆರ್ಡ್ ಪ್ಲೆವಿಗ್, ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಮೂವರು ವೈದ್ಯರು ಮೊಡವೆಯಿದ್ದ 65 ಮಂದಿಗೆ ಚಾಕೊಲೆಟ್ ತಿನ್ನಿಸಿ ನೋಡಿದರು. ನಾಲ್ಕು ವಾರ ದಿನಕ್ಕೊಂದು ಚಾಕೊಲೆಟ್ ಬಾರು, ಮತ್ತೆ ನಾಲ್ಕು ವಾರ ಚಾಕೊಲೆಟ್ ಇಲ್ಲದ ನಕಲಿ ಬಾರು. ವ್ಯತ್ಯಾಸ ಕಾಣಲಿಲ್ಲ. ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂದು ಪಠ್ಯಪುಸ್ತಕಗಳು ಬರೆದುಕೊಂಡವು. ವೈದ್ಯರು ದಶಕಗಳ ಕಾಲ ಅದನ್ನೇ ಹೇಳಿದರು. ಆದರೆ ಆ ನಕಲಿ ಬಾರಿನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಸಕ್ಕರೆಯನ್ನು ಸಕ್ಕರೆಯ ಜೊತೆಗೇ ಹೋಲಿಸಿದರೆ ವ್ಯತ್ಯಾಸ ಎಲ್ಲಿಂದ ಬರಬೇಕು? ಪ್ರಯೋಗಕ್ಕೆ ನೆರವು ಕೊಟ್ಟದ್ದು ಚಾಕೊಲೆಟ್ ತಯಾರಕರ ಸಂಘ. ತಿಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜೈಲಿನ ಕೈದಿಗಳು. ಕ್ಲಿಗ್‌ಮನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಈ ಉಪನ್ಯಾಸದಲ್ಲಿ ಅವರು ಮತ್ತೆ ಮತ್ತೆ ಎದುರಾಗುತ್ತಾರೆ.

ಊಟಕ್ಕೂ ಮೊಡವೆಗೂ ಸಂಬಂಧವಿಲ್ಲ ಎಂಬ ನಂಬಿಕೆ ಅಲುಗಾಡಿದ್ದು 2002ರಲ್ಲಿ. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಪರೀಕ್ಷಿಸಿದ 1200 ಮಂದಿಯಲ್ಲಿ ಒಬ್ಬರಿಗೂ, ಪರಾಗ್ವೆಯ ಆಚೆ ಎಂಬ ಬುಡಕಟ್ಟಿನ 115 ಮಂದಿಯಲ್ಲಿ ಒಬ್ಬರಿಗೂ ಮೊಡವೆ ಕಾಣಲಿಲ್ಲವೆಂಬ ವರದಿ ಹೊರಬಂತು. ಅವರದ್ದು ಗೆಡ್ಡೆ ಗೆಣಸು, ಹಣ್ಣು, ಮೀನು, ಬೇಟೆಯ ಊಟ. ಮೈದಾ, ಸಕ್ಕರೆ, ಪೊಟ್ಟಣದ ತಿಂಡಿ ಬಹಳ ಕಡಿಮೆ. ರಕ್ತಗುಣ, ಹವೆ ಬೇರೆ ಎಂದು ವಾದಿಸಲು ಅವಕಾಶ ಇದ್ದೇ ಇತ್ತು. 2007ರಲ್ಲಿ ಆಸ್ಟ್ರೇಲಿಯಾದವರು 15ರಿಂದ 25 ವಯಸ್ಸಿನ 43 ಹುಡುಗರ ಮೇಲೆ 12 ವಾರದ ಪ್ರಯೋಗ ನಡೆಸಿದರು. ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ಸಕ್ಕರೆ ದಿಢೀರನೆ ಏರಿದರೆ ಇನ್ಸುಲಿನ್ ಏರುತ್ತದೆ, ಅದು ಎಣ್ಣೆ ಗ್ರಂಥಿಯನ್ನು ಕೆಣಕುತ್ತದೆ, ದಾರಿ ಇದು. ಹಾಲಿಗೂ, ಅದರಲ್ಲೂ ಕೆನೆ ತೆಗೆದ ಹಾಲಿಗೂ, ಮೊಡವೆಗೂ ನಂಟು ಕಾಣಿಸಿದ ಅಧ್ಯಯನಗಳಿವೆ. ಜಿಮ್‌ಗೆ ಹೋಗುವ ಹುಡುಗರು ಡಬ್ಬಿಗಟ್ಟಲೆ ಕುಡಿಯುವ ವೇ ಪ್ರೋಟೀನು ಹಾಲಿನಿಂದಲೇ ತೆಗೆದದ್ದು. ಬೆನ್ನು ತುಂಬ ಮೊಡವೆ ಎದ್ದು ಬಂದ ಹುಡುಗನಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಅದು.

ಹಾಗಾದರೆ ನಾವೇನು ಬಿಡಬೇಕು? ಅನ್ನ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬೇಕರಿ ಬನ್ನು, ಪಫ್ಸು, ತಂಪು ಪಾನೀಯ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿ ಇವನ್ನು ಎರಡು ಮೂರು ತಿಂಗಳು ಕಡಿಮೆ ಮಾಡಿ ನೋಡಿ ಎನ್ನುತ್ತೇನೆ. ಉಷ್ಣವಾಗುತ್ತದೆಂದು ಮಾವಿನಹಣ್ಣು, ಪಪ್ಪಾಯಿ ನಿಲ್ಲಿಸುವ ಮನೆಗಳಿವೆ. ಅದಕ್ಕೆ ಆಧಾರ ನನಗೆ ಸಿಕ್ಕಿಲ್ಲ. ಕರಿದದ್ದು ತಿಂದರೆ ಆ ಎಣ್ಣೆಯೇ ಮುಖದಲ್ಲಿ ಜಿನುಗುತ್ತದೆ ಎಂಬುದೂ ನಿಜವಲ್ಲ. ಮುಖದ ಜಿಡ್ಡನ್ನು ಗ್ರಂಥಿ ತಾನೇ ತಯಾರಿಸುತ್ತದೆ.

ತಲೆಗೆ ಹಚ್ಚುವ ಎಣ್ಣೆಯ ಮಾತು ಬೇರೆ. ಅಮೆರಿಕದ ಕಪ್ಪು ಜನರು ಕೂದಲಿಗೆ ಬಳಿಯುತ್ತಿದ್ದ ಜಿಡ್ಡಿನಿಂದ ಹಣೆಯುದ್ದಕ್ಕೂ ಸಣ್ಣ ಸಣ್ಣ ಮೊಡವೆ ಏಳುವುದನ್ನು 1970ರಲ್ಲಿ ದಾಖಲಿಸಿದವರೂ ಚಾಕೊಲೆಟ್ ಪ್ರಯೋಗದ ಅದೇ ಮೂವರು. ರಾತ್ರಿ ಕೊಬ್ಬರಿ ಎಣ್ಣೆ ಸುರಿದುಕೊಂಡು ಮಲಗಿ, ದಿಂಬಿನ ಮೂಲಕ ಹಣೆ ಕೆನ್ನೆಗೆಲ್ಲ ಹಬ್ಬಿಸಿಕೊಳ್ಳುವ ನಮ್ಮ ಹುಡುಗಿಯರ ಹಣೆಯಲ್ಲಿ ನಾನು ಕಾಣುವುದೂ ಅದನ್ನೇ. ಎಣ್ಣೆ ಬೇಡವೆಂದಲ್ಲ, ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಅಜ್ಜಿಯರು ಒಪ್ಪುವುದಿಲ್ಲ, ಗೊತ್ತು.

ಮುಂದಕ್ಕೆ ಹೋಗುವ ಮುನ್ನ ಒಂದು ಎಚ್ಚರಿಕೆ. ಮುಖದಲ್ಲಿ ಎದ್ದದ್ದೆಲ್ಲ ಮೊಡವೆಯಲ್ಲ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ, ತುರಿಸುವ ಗುಳ್ಳೆಗಳು ಬೆವರಿನ ಕಾಲದಲ್ಲಿ ಮತ್ತೆ ಮತ್ತೆ ಬಂದರೆ ಅದು ಮಲಸೀಜಿಯಾ ಎಂಬ ಶಿಲೀಂಧ್ರದ ಕೆಲಸವಾಗಿರಬಹುದು. ಕರಾವಳಿಯ ಸೆಕೆಯಲ್ಲಿ ಇದು ಅಪರೂಪವೇನಲ್ಲ. ಮೊಡವೆಯೆಂದು ತಿಳಿದು ಆಂಟಿಬಯಾಟಿಕ್ ನುಂಗಿದರೆ ಹೆಚ್ಚಾಗುತ್ತದೆ. ತುರಿಕೆಯೇ ಸುಳಿವು. ಇನ್ನು ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದು, ಗಲ್ಲದ ಮೇಲೆ ದಪ್ಪ ಕೂದಲು, ದವಡೆಯ ಅಂಚಿನಲ್ಲಿ ಗಂಟು ಮೊಡವೆ ಇವು ಮೂರೂ ಒಟ್ಟಿಗೆ ಇದ್ದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ಎಂದು ನೋಡಿಸಬೇಕು. ಬರೀ ಕ್ರೀಮಿನಿಂದ ಅದು ಬಗೆಹರಿಯುವುದಿಲ್ಲ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ಮೊಡವೆಯಂಥದ್ದನ್ನು ಎಬ್ಬಿಸಬಹುದು. ಹಾಗೆಂದು ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ ಮದ್ದಿಗೆ ಬರೋಣ.

ಕಾಣದ ಬಿರಡೆಯನ್ನು ತಡೆಯುವ ಮೊದಲ ಸಮರ್ಥ ಮದ್ದು ವೈದ್ಯಲೋಕಕ್ಕೆ ಸಿಕ್ಕಿದ್ದು ಅದೇ 1969ರಲ್ಲಿ, ಅದೇ ಮೂವರಿಂದ. ಎ ಜೀವಸತ್ವದ ಆಮ್ಲ, ಅಂದರೆ ಟ್ರೆಟಿನಾಯಿನ್. ರೋಮಕೂಪದ ಕೋಶಗಳು ಅಂಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ಅದರ ಬಳಗಕ್ಕೆ ಆಮೇಲೆ ಸೇರಿದ ಅಡಾಪಲೀನ್ ಚರ್ಮವನ್ನು ಅಷ್ಟು ಕೆರಳಿಸುವುದಿಲ್ಲ. ಈ ಉಪಕಾರದ ಹಿಂದಿನ ಕಹಿಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕ್ಲಿಗ್‌ಮನ್ ಅವರು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಯೋಗ ನಡೆಸಿದರು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ, ಸಿಕ್ಕಿದ್ದು ಪುಡಿಗಾಸು, ಒಪ್ಪಿಗೆ ಹೆಸರಿಗೆ ಮಾತ್ರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಇದಕ್ಕಾಗಿ ಕ್ಷಮೆ ಕೇಳಿದವು. ಆಗ ಕ್ಲಿಗ್‌ಮನ್ ತೀರಿಕೊಂಡು ಹತ್ತು ವರ್ಷ ದಾಟಿತ್ತು. ನಾನು ಚೀಟಿಯಲ್ಲಿ ದಿನವೂ ಬರೆಯುವ ಔಷಧದ ಚರಿತ್ರೆ ಇದು.

ಬಳಸುವ ಕ್ರಮ ಸರಳ, ಪಾಲಿಸುವುದು ಕಷ್ಟ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಮುಲಾಮನ್ನು ಕಣ್ಣಿನ ರೆಪ್ಪೆ, ತುಟಿಯ ಅಂಚು ಬಿಟ್ಟು ಇಡೀ ಮುಖಕ್ಕೆ ತೆಳುವಾಗಿ ಹರಡಬೇಕು. ಮೊದಲೆರಡು ವಾರ ದಿನ ಬಿಟ್ಟು ದಿನ ಸಾಕು. ಬೆಳಿಗ್ಗೆ ಸನ್‌ಸ್ಕ್ರೀನ್ ಬೇಕು. ಚರ್ಮ ಸ್ವಲ್ಪ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಕೆಲವರಲ್ಲಿ ಮೊದಲ ತಿಂಗಳು ಮೊಡವೆ ಹೆಚ್ಚಾದಂತೆಯೂ ಕಾಣುತ್ತದೆ. ಹತ್ತರಲ್ಲಿ ಎಂಟು ಜನ ಬಿಟ್ಟುಬಿಡುವುದು ಇಲ್ಲೇ ಎಂದು ನನಗನ್ನಿಸುತ್ತದೆ. 12 ವಾರ ತುಂಬದೆ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂಬ ತೀರ್ಮಾನಕ್ಕೆ ಬರಲಾಗದು, ಏಕೆಂದರೆ ಹಚ್ಚಲು ಶುರುಮಾಡಿದ ದಿನ ಒಳಗಿದ್ದ ಮೊಡವೆಗಳೆಲ್ಲ ಹೊರಬಂದು ಆರುವುದಕ್ಕೇ ಅಷ್ಟು ಕಾಲ ಬೇಕು. ಗರ್ಭಿಣಿಯರು ಇದನ್ನು ಬಳಸಬಾರದು. ಅವರಿಗೆ ಅಜೆಲಾಯಿಕ್ ಆಮ್ಲದ ಕ್ರೀಮು ಇದೆ.

ಜೊತೆಗೆ ಕೊಡುವ ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಶೇಕಡಾ 2.5ರ ಟ್ಯೂಬು ಶೇಕಡಾ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಹೆಚ್ಚು ಅಂಕಿಯಿದ್ದರೆ ಹೆಚ್ಚು ಒಳ್ಳೆಯದೆಂದು ಕೊಳ್ಳಬೇಡಿ. ಬಟ್ಟೆಯ ಬಣ್ಣ ತೆಗೆಯುತ್ತದೆ, ಟವೆಲು, ದಿಂಬಿನ ಚೀಲ ಬಿಳಿಯದೇ ಇರಲಿ. ಮೊಡವೆ ಜೋರಾಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತೇವೆ, ಮೂರು ತಿಂಗಳು ಮೀರದಂತೆ, ಅದೂ ಹಚ್ಚುವ ಮದ್ದಿನ ಜೊತೆಗೆ. ಆಂಟಿಬಯಾಟಿಕ್ಕನ್ನು ಒಂಟಿಯಾಗಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ಕೊಂಡು ನುಂಗುವವರಿದ್ದಾರೆ.

ಗಂಟುಗಂಟಾಗಿ ಎದ್ದು ಗುಳಿ ಬೀಳಿಸುವ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇದು ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಆರೆಂಟು ತಿಂಗಳು ನುಂಗಿದವರಲ್ಲಿ ಅನೇಕರಿಗೆ ಮೊಡವೆ ಮತ್ತೆ ಬರುವುದೇ ಇಲ್ಲ. ತುಟಿ ಒಡೆಯುವುದಂತೂ ಖಂಡಿತ. ಯಕೃತ್ತು, ಕೊಬ್ಬಿನ ರಕ್ತಪರೀಕ್ಷೆ ಮಾಡಿಸಬೇಕು. ಆದರೆ ನನ್ನ ಭಯ ಬೇರೆಯದು. ಮದುವೆ ನಿಶ್ಚಯವಾದ ಹುಡುಗಿಯನ್ನು ಕರೆತಂದು, ಮುಹೂರ್ತದ ಹೊತ್ತಿಗೆ ಮುಖ ತಿಳಿಯಾಗಬೇಕು ಡಾಕ್ಟ್ರೇ, ಎರಡೇ ತಿಂಗಳಿದೆ ಎನ್ನುವ ತಾಯಂದಿರು ಬರುತ್ತಾರೆ. ಈ ಮಾತ್ರೆಯನ್ನು ನುಂಗುತ್ತಿರುವಾಗ, ಅಥವಾ ನಿಲ್ಲಿಸಿ ಒಂದು ತಿಂಗಳಾಗುವ ಮೊದಲು ಗರ್ಭ ನಿಂತರೆ ಮಗುವಿನ ಮೆದುಳು, ಹೃದಯ, ಕಿವಿಗಳು ತೀವ್ರವಾಗಿ ಊನವಾಗಬಹುದು. ಈ ಮಾತನ್ನು ತಾಯಿಯ ಎದುರಿಗೆ ಹುಡುಗಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮುಜುಗರವಾಗುತ್ತದೆ. ಹೇಳಲೇಬೇಕು. ಮುಹೂರ್ತ ಹತ್ತಿರವಿದ್ದವರಿಗೆ ನಾನು ಈ ಮಾತ್ರೆ ಬರೆಯುವುದಿಲ್ಲ.

ಇನ್ನು ನಾಲ್ಕನೆಯ ವಿಷಯ, ಸ್ಟಿರಾಯ್ಡ್ ಕ್ರೀಮು. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ನಿಧಾನದ ಮದ್ದು. ಮೆಡಿಕಲ್ ಶಾಪಿನಲ್ಲಿ ಸಿಗುವುದು ಮೂರೇ ದಿನದ ಮದ್ದು.

ಅದರ ಮೂಲಕ್ಕೆ ಹೋದರೆ ಮತ್ತೆ ಸಿಗುವುದು ಕ್ಲಿಗ್‌ಮನ್. 1975ರಲ್ಲಿ ಅವರು ಮತ್ತು ಐಸಾಕ್ ವಿಲ್ಲಿಸ್, ಚರ್ಮದ ಕಪ್ಪನ್ನು ತಿಳಿಯಾಗಿಸಲು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಸೂತ್ರವೊಂದನ್ನು ಪ್ರಕಟಿಸಿದರು. ವೈದ್ಯರ ಕಣ್ಣಳತೆಯಲ್ಲಿ, ಸೀಮಿತ ಕಾಲ, ಬಂಗು ಎಂಬ ಮುಖದ ಕಪ್ಪು ಮಚ್ಚೆಗೆ ಬಳಸಿದರೆ ಅದು ಒಳ್ಳೆಯ ಮದ್ದು. ನಮ್ಮಲ್ಲಿ ಡೆಕ್ಸಾಮೆಥಾಸೋನ್ ಜಾಗಕ್ಕೆ ಇನ್ನೂ ಬಲವಾದ ಮೊಮೆಟಾಸೋನ್ ಬಂತು. ಆ ಟ್ಯೂಬು ಬಂಗಿನಿಂದ ಹೊರಟು ಮೊಡವೆಯ ಕಲೆಗೆ, ಅಲ್ಲಿಂದ ಮೊಡವೆಗೆ, ಅಲ್ಲಿಂದ ಬರೀ ಬೆಳ್ಳಗಾಗುವ ಆಸೆಗೆ ದಾಟಿತು. ಅಕ್ಕ ಹಚ್ಚಿದ್ದನ್ನು ತಂಗಿ, ರೂಮ್‌ಮೇಟ್ ಹಚ್ಚಿದ್ದನ್ನು ಇಡೀ ಹಾಸ್ಟೆಲ್ ಹಚ್ಚುತ್ತದೆ.

ಅದು ಮೋಸ ಮಾಡುವ ಬಗೆಯನ್ನು ಗಮನಿಸಿ. ಸ್ಟಿರಾಯ್ಡ್ ಉರಿಯೂತವನ್ನು ಅದುಮುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೂರನೆಯ ದಿನಕ್ಕೆ ಕೆಂಪು ಮಾಯ, ಮುಖ ಬೆಳ್ಳಗೆ, ನುಣ್ಣಗೆ. ಯಾವ ಚರ್ಮವೈದ್ಯರೂ ಕೊಡಲಾಗದ ಫಲಿತಾಂಶ ಅದು. ಆದರೆ ಒಳಗಿನ ಬಿರಡೆಗಳನ್ನು ಅದು ಮುಟ್ಟಿಲ್ಲ. ವಾರಗಳು ಕಳೆದಂತೆ ಸ್ಟಿರಾಯ್ಡೇ ಹೊಸ ಮೊಡವೆಗಳನ್ನು ಎಬ್ಬಿಸುತ್ತದೆ, ಎಲ್ಲವೂ ಒಂದೇ ಅಳತೆಯವು. ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ನರಗಳು ಕಾಣುತ್ತವೆ. ಹುಡುಗಿಯರ ಮುಖದಲ್ಲಿ ಕೂದಲು ಹುಟ್ಟುತ್ತದೆ. ಬಿಸಿಲಿಗೆ ಬಂದರೆ ಉರಿ. ಹೆದರಿ ಕ್ರೀಮು ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಮುಖ ಕೆಂಡದಂತಾಗುತ್ತದೆ. ಮತ್ತೆ ಹಚ್ಚಿದರೆ ಶಾಂತ. ಕ್ರೀಮು ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಹುಡುಗಿ ತೀರ್ಮಾನಿಸುತ್ತಾಳೆ. ಒಂದರ್ಥದಲ್ಲಿ ಅವಳ ಮಾತು ನಿಜವೇ, ಚಟ ಎನ್ನುವುದು ಇದನ್ನೇ.

ಕೋಲ್ಕತ್ತಾದ ಚರ್ಮವೈದ್ಯ ಕೌಶಿಕ್ ಲಾಹಿರಿ ಮತ್ತು ಅವರ ಸಂಗಡಿಗರು ಇದನ್ನು ಸ್ಟಿರಾಯ್ಡ್‌ನಿಂದ ಕೆಟ್ಟ ಮುಖ ಎಂದೇ ಗುರುತಿಸಿ ಬರೆದರು. ಭಾರತದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯಿಂದ ಬಂದ 2926 ರೋಗಿಗಳಲ್ಲಿ 433 ಮಂದಿ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ಭಾರತದ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಸರ್ಕಾರದ ಬೆನ್ನುಬಿದ್ದ ಮೇಲೆ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಲಾಯಿತು. ಕಾನೂನು ಬಂತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತಿದೆ.

ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಚುಕಿದರೆ, ನಿಂಬೆರಸ, ಟೂತ್‌ಪೇಸ್ಟ್ ಬಳಿದು ಸುಟ್ಟುಕೊಂಡರೆ ಇನ್ನೂ ಹೆಚ್ಚು. ಜಾಯಿಕಾಯಿ ತೇಯ್ದು ಹಚ್ಚುವ ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ, ಚರ್ಮ ಉರಿಯದಿದ್ದರೆ ಹಚ್ಚಿಕೊಳ್ಳಲಿ. ಈ ಕಲೆಯ ಹೆದರಿಕೆಯೇ ಹುಡುಗಿಯರನ್ನು ಆ ಟ್ಯೂಬಿನ ಕಡೆಗೆ ತಳ್ಳುವುದು. ಕಲೆ ತಾನಾಗಿ ತಿಳಿಯಾಗುತ್ತದೆ, ಬಿಸಿಲಿನಿಂದ ಕಾಪಾಡಿದರೆ ಬೇಗ. ಗುಳಿ ಮಾತ್ರ ತಾನಾಗಿ ತುಂಬುವುದಿಲ್ಲ, ಆದ್ದರಿಂದ ಗಂಟು ಮೊಡವೆಯವರು ಕಾಯುತ್ತ ಕೂರಬಾರದು.

ಈಗಾಗಲೇ ಅಂಥ ಕ್ರೀಮು ಹಚ್ಚುತ್ತಿರುವವರು ಈ ಸಭೆಯಲ್ಲೂ ಇರಬಹುದು. ಕೈ ಎತ್ತಿ ಎನ್ನುವುದಿಲ್ಲ. ಇವತ್ತೇ ಬಿಸಾಡಿಬಿಡಿ ಎಂದೂ ಹೇಳುವುದಿಲ್ಲ, ತಿಂಗಳುಗಟ್ಟಲೆ ಹಚ್ಚಿದವರಿಗೆ ನಿಲ್ಲಿಸುವಾಗ ಆಸರೆ ಬೇಕು. ಹಗುರ ಸ್ಟಿರಾಯ್ಡ್‌ಗೆ ಇಳಿಸಿ ನಿಲ್ಲಿಸುವುದು, ಉರಿಗೆ ಬೇರೆ ಮುಲಾಮು ಕೊಡುವುದು, ಕೆಲವು ವಾರ ಮಾತ್ರೆ ಕೊಡುವುದು, ಹೀಗೆ ದಾರಿಗಳಿವೆ. ಮುಖ ಹತೋಟಿಗೆ ಬರಲು ಕೆಲವು ತಿಂಗಳು ಹಿಡಿಯುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮವಿಭಾಗ ಇದೆ, ಖರ್ಚು ಹೆಚ್ಚಿಲ್ಲ. ಹೋಗುವಾಗ ಟ್ಯೂಬನ್ನು ಬಚ್ಚಿಡಬೇಡಿ, ಜೊತೆಗೇ ತನ್ನಿ. ಹೆಸರು ಅಳಿಸಿಹೋಗಿದ್ದರೂ ಹಿಂಬದಿಯ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಯಾವುದಾದರೊಂದು ಹೆಸರು ಉಳಿದಿರುತ್ತದೆ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಕಡಿಮೆ ಮಾಡದೆ ಹೇಳಿ. ಚಿಕಿತ್ಸೆಯ ಲೆಕ್ಕ ಅಲ್ಲಿಂದಲೇ ಶುರುವಾಗುವುದು.

 ಎಲ್ಲರ ಎದುರು ಕೇಳಲಾಗದ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕಳಿಸಿದರೆ ಇಲ್ಲಿಂದಲೇ ಉತ್ತರಿಸುತ್ತೇನೆ.